ಎಳೆಯರ ಹೊಟ್ಟೆಬೇನೆ: ಒಂದು ಚಿಕಿತ್ಸೆಯ ಚರಿತ್ರೆ

ಹೊಟ್ಟೆ ಎಂಬುದು ಕನ್ನಡಿಗರಿಗೆ ಬರಿಯ ಅನ್ನದ ಚೀಲವಾಗಿ ಎಂದೂ ಇರಲಿಲ್ಲ. ಪರರ ಏಳಿಗೆಯನ್ನು ಸಹಿಸದವನಿಗೆ ಬರುವುದು ಹೊಟ್ಟೆಕಿಚ್ಚು. ಅನ್ಯಾಯಕ್ಕೆ ಈಡಾದವಳಿಗೆ ಆಗುವುದು ಹೊಟ್ಟೆಯುರಿ. ಮಕ್ಕಳ ತಪ್ಪನ್ನು ತಾಯಿ ಹೊಟ್ಟೆಗೆ ಹಾಕಿಕೊಳ್ಳುತ್ತಾಳೆ. ದೂರದಲ್ಲಿರುವ ಮಗನನ್ನು ನೆನೆದೊಡನೆ ಅವಳ ಕರುಳು ಚುರುಕ್ಕೆನ್ನುತ್ತದೆ. ಕೆಟ್ಟ ಸುದ್ದಿಯನ್ನು ನಿರೀಕ್ಷಿಸುವವನ ಹೊಟ್ಟೆಯಲ್ಲಿ ತಳಮಳ. ಮನಸ್ಸಿನ ವ್ಯಾಪಾರಗಳನ್ನು ಇಷ್ಟು ಧಾರಾಳವಾಗಿ ಹೊಟ್ಟೆಗೂ ಕರುಳಿಗೂ ವಹಿಸಿಕೊಟ್ಟ ನಾವು, ನಮ್ಮ ಮನೆಯ ಮಗುವೊಂದು ಬೆಳಗಿನ ಹೊತ್ತು ಹೊಕ್ಕುಳ ಮೇಲೆ ಕೈಯಿಟ್ಟುಕೊಂಡು ‘ಹೊಟ್ಟೆ ನೋಯುತ್ತದೆ’ ಎಂದಾಗ ಮಾತ್ರ ಎರಡೇ ಉತ್ತರಗಳನ್ನು ಹುಡುಕುತ್ತೇವೆ. ಒಂದೋ ಅದು ರೋಗವಾಗಿರಬೇಕು, ಇಲ್ಲವೇ ಸುಳ್ಳಾಗಿರಬೇಕು.

ಈ ಎರಡರ ನಡುವೆ ಮೂರನೆಯ ಉತ್ತರವೊಂದುಂಟು. ಅದನ್ನು ಕಂಡುಕೊಳ್ಳುವುದಕ್ಕೆ ವೈದ್ಯಲೋಕಕ್ಕೆ ಬಹುಕಾಲ ಹಿಡಿಯಿತು. ಆ ಉತ್ತರದ ಚರಿತ್ರೆಯನ್ನೇ ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ. ನಾನು ವೈದ್ಯಶಾಸ್ತ್ರ ಓದಿದವನಲ್ಲ. ಕನ್ನಡ ಕಲಿಸಿ ನಿವೃತ್ತನಾದವನು. ಆದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಹೊಟ್ಟೆಬೇನೆಯಿಂದ ನರಳಿ ಶಾಲೆ ತಪ್ಪಿಸಿಕೊಂಡ ಮಕ್ಕಳನ್ನು ಯಾದಗಿರಿ ಸೀಮೆಯ ಮುದನಾಳದಲ್ಲಿ ಬಾಲ್ಯದಲ್ಲಿಯೂ, ಮುಂದೆ ಕಾಲೇಜುಗಳ ಕೊಠಡಿಗಳಲ್ಲಿಯೂ ಕಂಡಿದ್ದೇನೆ. ಅವರಲ್ಲಿ ಬಹಳ ಮಂದಿಗೆ ಹೊಟ್ಟೆಯ ಬೇನೆಗಿಂತ ಮಿಗಿಲಾಗಿದ್ದುದು, ತಮ್ಮ ಮಾತನ್ನು ಯಾರೂ ನಂಬುತ್ತಿಲ್ಲವೆಂಬ ಬೇನೆ.

ಬೇನೆ ಎಂಬ ಶಬ್ದವನ್ನೇ ಮೊದಲು ನೋಡೋಣ. ನಮ್ಮ ಕಡೆಯ ಆಡುಮಾತಿನಲ್ಲಿ ಅದು ‘ಬ್ಯಾನಿ’. ಸಂಸ್ಕೃತದ ‘ವೇದನೆ’ಯ ತದ್ಭವವಿದು. ವೇದನೆಯ ಮೂಲದಲ್ಲಿರುವ ಧಾತುವಿಗೆ ಅರಿಯುವುದು ಎಂದು ಅರ್ಥ. ಅನುಭವಕ್ಕೆ ಬಂದದ್ದು, ಅರಿವಿಗೆ ತಾಕಿದ್ದು ಯಾವುದೋ ಅದು ವೇದನೆ. ಅಂದ ಮೇಲೆ ಬೇನೆಗೆ ಸಾಕ್ಷಿ ಅದನ್ನು ಅನುಭವಿಸುವ ಜೀವವೇ ಹೊರತು ಬೇರೆ ಯಾರೂ ಅಲ್ಲ. ರಕ್ತಪರೀಕ್ಷೆಯಲ್ಲಿಯೋ ಎಕ್ಸ್-ರೇಯಲ್ಲಿಯೋ ಏನೂ ಕಾಣಲಿಲ್ಲವೆಂದರೆ ಬೇನೆಯ ಒಂದು ಕಾರಣ ಕಾಣಲಿಲ್ಲವೆಂದು ಹೇಳಬಹುದು. ಬೇನೆಯೇ ಇಲ್ಲವೆಂದು ಹೇಳಲಾಗದು. ಆಧುನಿಕ ವೈದ್ಯರು ಬಹಳ ಸುತ್ತಿ ಬಂದು ತಲುಪಿದ ನೆಲೆ ಈ ಪುಟ್ಟ ಶಬ್ದದಲ್ಲಿ ಮೊದಲಿನಿಂದಲೂ ಅಡಗಿತ್ತು.

ಆಯುರ್ವೇದದ ಎಂಟು ಅಂಗಗಳಲ್ಲಿ ಮಕ್ಕಳ ವೈದ್ಯಕ್ಕೆ ಕೌಮಾರಭೃತ್ಯವೆಂದು ಹೆಸರು. ಆ ಅಂಗದ ಮುಖ್ಯ ಗ್ರಂಥ ಕಾಶ್ಯಪಸಂಹಿತೆ. ನೇಪಾಳದಲ್ಲಿ ದೊರೆತ ಅಸಮಗ್ರ ಹಸ್ತಪ್ರತಿಯಿಂದ 1938ರಲ್ಲಿ ಅದು ಅಚ್ಚಾಗಿ ಬೆಳಕು ಕಂಡಿತು. ಅದರಲ್ಲಿ ವೇದನಾಧ್ಯಾಯವೆಂಬ ಒಂದು ಪ್ರಕರಣವೇ ಇದೆ. ಮಾತು ಬಾರದ ಕೂಸಿಗೆ ಎಲ್ಲಿ ನೋವೆಂದು ವೈದ್ಯನು ತಿಳಿಯುವುದು ಹೇಗೆ ಎಂಬುದು ಅಲ್ಲಿಯ ವಿಚಾರ. ಹೊಟ್ಟೆಶೂಲೆಯಿಂದ ಬಳಲುವ ಕೂಸು ಮೊಲೆಯನ್ನು ಒಲ್ಲೆನೆನ್ನುತ್ತದೆ, ಅಳುತ್ತದೆ, ಅಂಗಾತ ಮಲಗುತ್ತದೆ. ಹೊಟ್ಟೆ ಬಿಗಿದಿರುತ್ತದೆ, ಮೈ ತಣ್ಣಗಾಗಿ ಮುಖದಲ್ಲಿ ಬೆವರೊಡೆಯುತ್ತದೆ ಎಂಬ ಅಭಿಪ್ರಾಯದ ಲಕ್ಷಣಗಳನ್ನು ಆ ಗ್ರಂಥ ಕೊಡುತ್ತದೆ. ಕೂಸಿನ ಮೈಯನ್ನೇ ಅದರ ಮಾತೆಂದು ಓದಿದ ರೀತಿ ಇದು.

ಅದೇ ಸಂಹಿತೆಯಲ್ಲಿ ಗ್ರಂಥದ ಉತ್ಪತ್ತಿಯನ್ನು ಕುರಿತು ಒಂದು ಕಥೆಯಿದೆ. ಋಚೀಕನ ಮಗನಾದ ಜೀವಕನು ಕಾಶ್ಯಪನ ಉಪದೇಶವನ್ನು ಪಡೆದು, ಅದನ್ನು ಸಂಗ್ರಹಿಸಿ ಋಷಿಗಳ ಮುಂದಿಟ್ಟನಂತೆ. ಆಗ ಅವನಿಗೆ ಐದು ವರ್ಷ. ಇದು ಹುಡುಗನ ಮಾತು ಎಂದು ಋಷಿಗಳು ಅದನ್ನು ಮನ್ನಿಸಲಿಲ್ಲ. ಆಗ ಬಾಲಕನು ಅವರೆದುರಿಗೇ ಕನಖಲದ ಗಂಗೆಯಲ್ಲಿ ಮುಳುಗಿದನು. ಮೇಲೆದ್ದಾಗ ಅವನ ತಲೆ ನರೆತು ಮೈ ಸುಕ್ಕುಗಟ್ಟಿತ್ತು. ಅಂದಿನಿಂದ ಅವನು ವೃದ್ಧಜೀವಕನಾದನು. ಅವನ ಮಾತೂ ಶಾಸ್ತ್ರವಾಯಿತು. ಮಕ್ಕಳ ವೈದ್ಯದ ಗ್ರಂಥವೇ ಈ ಕಥೆಯನ್ನು ಹೇಳುತ್ತಿರುವುದು ಗಮನಾರ್ಹ. ಮಗುವಿನ ಮಾತು ಮಗುವಿನ ಬಾಯಲ್ಲಿರುವಾಗಲೇ ಮಾನ್ಯವಾಗಬೇಕಾದರೆ ಎಷ್ಟು ಶತಮಾನಗಳು ಬೇಕಾದುವೆಂಬುದು ಮುಂದಿನ ಚರಿತ್ರೆಯಿಂದ ತಿಳಿಯುತ್ತದೆ.

ಕಾರಣ ಕಾಣದ ಮಕ್ಕಳ ಬಾಧೆಗಳಿಗೆ ನಮ್ಮ ಹಿಂದಿನವರು ಕೊಟ್ಟ ಇನ್ನೊಂದು ಉತ್ತರ ಬಾಲಗ್ರಹ. ಸುಶ್ರುತನು ಸ್ಕಂದ, ಶಕುನಿ, ರೇವತಿ, ಪೂತನೆ ಮೊದಲಾದ ಒಂಬತ್ತು ಗ್ರಹಗಳನ್ನು ಹೆಸರಿಸಿದ್ದಾನೆ. ಕನ್ನಡದಲ್ಲಿಯೂ ಸುಮಾರು 1200ರಲ್ಲಿದ್ದ ದೇವೇಂದ್ರಮುನಿ ಎಂಬ ಜೈನ ಗ್ರಂಥಕಾರನು ‘ಬಾಲಗ್ರಹಚಿಕಿತ್ಸೆ’ ಎಂಬ ಕೃತಿಯನ್ನೇ ರಚಿಸಿದನೆಂದು ಕವಿಚರಿತೆಯಿಂದ ತಿಳಿಯುತ್ತದೆ. ಗ್ರಹಗಳ ಮಾತನ್ನು ಇಂದು ನಾವು ಒಪ್ಪಲಾರೆವು. ಆದರೆ ಆ ನಂಬಿಕೆಯಲ್ಲಿ ಒಂದು ಗುಣವಿತ್ತೆಂಬುದನ್ನು ಮರೆಯಬಾರದು. ಗ್ರಹ ಹಿಡಿದ ಮಗುವನ್ನು ಯಾರೂ ಸುಳ್ಳುಗಾರನೆನ್ನುತ್ತಿರಲಿಲ್ಲ. ತಪ್ಪು ಹೊರಗಿನದು, ಮಗುವಿನದಲ್ಲ. ಮನೆಮಂದಿಯೆಲ್ಲ ಒಂದೆಡೆ ಕೂಡುತ್ತಿದ್ದರು. ಮಗು ಅವರ ನಡುವೆ ಕೂರುತ್ತಿತ್ತು.

ನಮ್ಮ ಹಳ್ಳಿಗಳ ಪದ್ಧತಿ ಈ ಎರಡನ್ನೂ ಬೆರೆಸಿಕೊಂಡು ಬಂದದ್ದು. 1960ರ ದಶಕದ ಕೊನೆಯಲ್ಲಿ ನನ್ನ ಓರಗೆಯ ಹುಡುಗನೊಬ್ಬನಿಗೆ ನಡೆದ ಉಪಚಾರವನ್ನು ಕಣ್ಣಾರೆ ಕಂಡಿದ್ದೇನೆ. ಅವನ ತಂದೆ ಕಟ್ಟಡದ ಕೆಲಸಕ್ಕೆಂದು ಬೊಂಬಾಯಿಗೆ ಹೋಗಿದ್ದ. ಹುಡುಗ ಮುಂಜಾನೆ ಏಳುತ್ತಲೇ ‘ಯವ್ವಾ, ಹೊಟ್ಟಿ ಕಡೀಲಿಕ್ಕತ್ತದ’ ಎಂದು ಮುದುಡಿಕೊಂಡು ಮಲಗಿಬಿಡುತ್ತಿದ್ದ. ಮೊದಲು ದೃಷ್ಟಿಯಾಗಿದೆಯೆಂದು ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರು. ಅನಂತರ ಬಟ್ಟಿ ಸರಿದಿದೆಯೆಂದು ಊರ ಮುದುಕಿಯೊಬ್ಬಳು ಎಣ್ಣೆ ಹಚ್ಚಿ ಹೊಕ್ಕುಳ ಸುತ್ತ ನೀವಿದಳು. ಹುಳು ಇರಬೇಕೆಂದು ಕಹಿ ಕುಡಿಸಿದರು. ಯಾವುದಕ್ಕೂ ಬಗ್ಗದಿದ್ದಾಗ ಬರೆ ಎಳೆಸಿದರು. ಆ ಕಲೆ ಅವನ ಹೊಟ್ಟೆಯ ಮೇಲೆ ಕೊನೆಯವರೆಗೂ ಉಳಿಯಿತು. ಅದೂ ಸೋತ ಮೇಲೆ ಮನೆಯ ಗಂಡಸರು ‘ನಾಟಕ ಮಾಡ್ತಾನ’ ಎಂದು ತೀರ್ಪು ಕೊಟ್ಟರು. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆಂದು ತಂದೆ ಊರಿಗೆ ಬಂದ. ಅವನು ಇದ್ದಷ್ಟು ದಿನ ಹುಡುಗನಿಗೆ ನೋವಿರಲಿಲ್ಲ. ಹೋದ ಮರುದಿನವೇ ಮತ್ತೆ ಕಾಣಿಸಿತು. ಆಗ ಹುಡುಗನ ಅಜ್ಜಿ ಹೇಳಿದ ಮಾತು ಇದು: ‘ಬ್ಯಾನಿ ಹೊಟ್ಟ್ಯಾಗ ಇಲ್ಲ, ಬೊಂಬಾಯಿದಾಗ ಅದ.’

ಅಜ್ಜಿ ಕಂಡದ್ದು ನಿಜ. ಆದರೆ ಕಂಡದ್ದನ್ನು ಚಿಕಿತ್ಸೆಯಾಗಿ ಬೆಳೆಸುವ ದಾರಿ ಅವಳಿಗಿರಲಿಲ್ಲ. ಆ ದಾರಿಯನ್ನು ಹುಡುಕುವ ಕೆಲಸ ಆ ಹೊತ್ತಿಗಾಗಲೇ ಪಶ್ಚಿಮದ ದೇಶಗಳಲ್ಲಿ ಆರಂಭವಾಗಿತ್ತು.

ಮನಸ್ಸಿಗೂ ಹೊಟ್ಟೆಗೂ ಇರುವ ನಂಟನ್ನು ಕಣ್ಣಿನಿಂದ ನೋಡಿದವರಲ್ಲಿ ಅಮೆರಿಕದ ಸೇನಾವೈದ್ಯ ವಿಲಿಯಂ ಬೋಮಾಂಟ್ ಮೊದಲಿಗನೆನ್ನಬಹುದು. 1822ರಲ್ಲಿ ಗುಂಡೇಟು ತಗುಲಿದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನ ಜಠರದಲ್ಲಿ ಮುಚ್ಚದ ರಂಧ್ರವೊಂದು ಉಳಿದುಬಿಟ್ಟಿತು. ಬೋಮಾಂಟ್ ಅದರ ಮೂಲಕ ವರ್ಷಗಟ್ಟಲೆ ಜೀರ್ಣಕ್ರಿಯೆಯನ್ನು ವೀಕ್ಷಿಸಿ 1833ರಲ್ಲಿ ಗ್ರಂಥ ಪ್ರಕಟಿಸಿದನು. ಆ ತರುಣನಿಗೆ ಸಿಟ್ಟು ಬಂದಾಗ ಜಠರದ ಸ್ಥಿತಿ ಬದಲಾಗುತ್ತಿದ್ದುದನ್ನು ಅವನು ಗುರುತಿಸಿದ್ದನು. ಆ ಶತಮಾನದ ಕೊನೆಯಲ್ಲಿ ವಾಲ್ಟರ್ ಕ್ಯಾನನ್ ಎಂಬ ಶರೀರವಿಜ್ಞಾನಿ ಆಗತಾನೇ ಬಂದಿದ್ದ ಎಕ್ಸ್-ರೇ ಕಿರಣಗಳಿಂದ ಬೆಕ್ಕುಗಳ ಜಠರದ ಚಲನೆಯನ್ನು ನೋಡುತ್ತಿದ್ದಾಗ, ಬೆಕ್ಕು ಕೆರಳಿದೊಡನೆ ಆ ಚಲನೆ ನಿಂತುಹೋಗುತ್ತಿತ್ತು. ಭಾವ ಹೊಟ್ಟೆಗಿಳಿಯುತ್ತದೆಂಬುದು ಹೀಗೆ ನುಡಿಗಟ್ಟಿನಿಂದ ಪ್ರಯೋಗಶಾಲೆಗೆ ಬಂದಿತು.

ಮಕ್ಕಳ ವಿಷಯಕ್ಕೆ ಬಂದರೆ, ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಮಕ್ಕಳ ವೈದ್ಯ ಜಾನ್ ಆಪ್ಲೆಯ ಹೆಸರನ್ನು ಮೊದಲು ಹೇಳಬೇಕು. ಅವರೂ ನೋರಾ ನೇಯ್ಶ್ ಎಂಬ ವೈದ್ಯೆಯೂ ಸೇರಿ 1958ರಲ್ಲಿ ಶಾಲೆಗೆ ಹೋಗುವ 1000 ಮಕ್ಕಳ ಸಮೀಕ್ಷೆಯೊಂದನ್ನು ಪ್ರಕಟಿಸಿದರು. ಮೂರು ತಿಂಗಳಿಗೆ ಕಡಿಮೆಯಿಲ್ಲದ ಅವಧಿಯಲ್ಲಿ ಕನಿಷ್ಠ ಮೂರು ಬಾರಿ, ಆಟಪಾಠಗಳಿಗೆ ಅಡ್ಡಿಯಾಗುವಷ್ಟು ಹೊಟ್ಟೆನೋವು ಬಂದಿದ್ದರೆ ಅದನ್ನು ಮರುಕಳಿಸುವ ಹೊಟ್ಟೆನೋವೆಂದು ಕರೆದರು. ಹತ್ತು ಮಕ್ಕಳಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ ಅದಿತ್ತು. ಹೀಗೆ ನರಳುವ ಮಕ್ಕಳನ್ನು ಪರೀಕ್ಷಿಸಿದಾಗ ಅಂಗಾಂಗಗಳ ರೋಗ ಸಿಕ್ಕದ್ದು ಬಹು ಕೆಲವರಲ್ಲಿ ಮಾತ್ರ. ನೋವು ಹೊಕ್ಕುಳಿನಿಂದ ದೂರ ಸರಿದಷ್ಟೂ ದೇಹರೋಗದ ಸಂಭವ ಹೆಚ್ಚೆಂದು ಆಪ್ಲೆ ಹೇಳಿದ ಸೂತ್ರ ಮಕ್ಕಳ ವೈದ್ಯರಲ್ಲಿ ಇಂದಿಗೂ ಪ್ರಸಿದ್ಧ. ಉಳಿದ ಮಕ್ಕಳಲ್ಲಿ ಅಂಜಿಕೆ, ಅತಿ ಸೂಕ್ಷ್ಮತೆ, ಮನೆಯ ಕಳವಳಗಳು ಅವರಿಗೆ ಕಂಡುವು. ಆಪ್ಲೆಯ ಚಿಕಿತ್ಸೆ ಸರಳವಾದುದು: ಒಮ್ಮೆ ಸರಿಯಾಗಿ ಪರೀಕ್ಷಿಸುವುದು, ಬಳಿಕ ಮಗುವಿನೊಡನೆಯೂ ತಂದೆತಾಯಿಗಳೊಡನೆಯೂ ಕುಳಿತು ಮಾತನಾಡುವುದು. 1973ರಲ್ಲಿ ಅವರು ಅಂಥ ಮಕ್ಕಳು ದೊಡ್ಡವರಾದ ಮೇಲೆ ಏನಾದರೆಂಬುದನ್ನೂ ಪ್ರಕಟಿಸಿದರು. ಎಷ್ಟೋ ಮಂದಿಗೆ ನೋವು ಹೋಗಿರಲಿಲ್ಲ. ದೊಡ್ಡವರಾದಂತೆ ತಾನೇ ಹೋಗುತ್ತದೆಂದು ಕೈಬಿಡುವಂಥದಲ್ಲ ಇದೆಂಬುದು ಆಗ ಖಚಿತವಾಯಿತು.

ಆದರೂ ಒಂದು ತೊಡಕು ಉಳಿದಿತ್ತು. ‘ಇದು ಮನಸ್ಸಿನದು’ ಎಂದು ವೈದ್ಯರು ಹೇಳಿದರೆ ಮನೆಯವರ ಕಿವಿಗೆ ಅದು ‘ಇದು ಸುಳ್ಳು’ ಎಂದೇ ಕೇಳಿಸುತ್ತಿತ್ತು. ಆ ತೊಡಕನ್ನು ಬಿಡಿಸಲು ನೆರವಾದದ್ದು 1965ರಲ್ಲಿ ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ಬಾಗಿಲಿನ ಸಿದ್ಧಾಂತ. ನಮ್ಮ ಹಳ್ಳಿಗಳ ಅಗಸಿಯನ್ನು ನೆನೆದುಕೊಂಡರೆ ಅದು ಸುಲಭವಾಗಿ ತಿಳಿಯುತ್ತದೆ. ಅಗಸಿಯ ಬಾಗಿಲು ಪೂರ್ತಿ ತೆರೆದಿದ್ದರೆ ಬಂಡಿಗಳು ಸಾಲುಗಟ್ಟಿ ಒಳನುಗ್ಗುತ್ತವೆ. ಅರೆ ಮುಚ್ಚಿದ್ದರೆ ಒಂದೊಂದೇ ಬರುತ್ತವೆ. ದೇಹದಿಂದ ಮಿದುಳಿಗೆ ಹೋಗುವ ನೋವಿನ ಸಂದೇಶಗಳಿಗೂ ಬೆನ್ನುಹುರಿಯಲ್ಲಿ ಇಂಥ ಒಂದು ಅಗಸಿಯುಂಟು. ಅದನ್ನು ತೆರೆಯುವ ಮುಚ್ಚುವ ಅಧಿಕಾರದಲ್ಲಿ ಮಿದುಳಿಗೂ ಪಾಲುಂಟು. ಹೆದರಿಕೆ, ನಿದ್ದೆಗೇಡು, ನೋವನ್ನೇ ಕಾಯುತ್ತ ಕೂರುವುದು ಬಾಗಿಲನ್ನು ತೆರೆಯುತ್ತವೆ. ಧೈರ್ಯ, ಆಟ, ಬೇರೆಡೆ ನೆಟ್ಟ ಗಮನ ಅದನ್ನು ಓರೆ ಮಾಡುತ್ತವೆ. ಮೇಲಾಗಿ, ಕರುಳಿನಲ್ಲಿಯೇ ನರಗಳ ದೊಡ್ಡ ಬಲೆಯೊಂದಿದೆ. ಕೆಲವು ಮಕ್ಕಳಲ್ಲಿ, ಕೆಲವೊಮ್ಮೆ ಒಂದು ವಾಂತಿಭೇದಿಯ ತರುವಾಯ, ಆ ನರಗಳು ಅತಿ ಸೂಕ್ಷ್ಮವಾಗಿಬಿಡುತ್ತವೆ. ಬೇರೆಯವರಿಗೆ ಅರಿವಿಗೇ ಬಾರದ ವಾಯುವಿನ ಚಲನೆ ಅವರಿಗೆ ನೋವಾಗಿ ತಾಕುತ್ತದೆ. ಹೀಗಾಗಿ ಇದು ಮನಸ್ಸಿನ ಕಲ್ಪನೆಯೂ ಅಲ್ಲ, ಕರುಳಿನ ಹುಣ್ಣೂ ಅಲ್ಲ. ಕರುಳಿಗೂ ಮಿದುಳಿಗೂ ನಡುವಣ ಸಂವಾದ ಕೆಟ್ಟ ಸ್ಥಿತಿ. ರೋಮ್ ನಿಯಮಾವಳಿ ಎಂಬ ಅಂತರರಾಷ್ಟ್ರೀಯ ವರ್ಗೀಕರಣ 1999ರಿಂದ ಮಕ್ಕಳ ಈ ಬಾಧೆಗಳಿಗೆ ಪ್ರತ್ಯೇಕ ಸ್ಥಾನ ಕೊಟ್ಟಿತು. 2016ರ ಪರಿಷ್ಕರಣದಲ್ಲಿ ಕರುಳು-ಮಿದುಳುಗಳ ಈ ಸಂಬಂಧವನ್ನೇ ವಿವರಣೆಯ ತಳಹದಿಯಾಗಿ ಇರಿಸಿತು.

ಸಂವಾದ ಕೆಟ್ಟಿದ್ದರೆ ಅದನ್ನು ತಿದ್ದುವುದು ಹೇಗೆ? ಇಲ್ಲಿಂದ ಮುಂದೆ ಮನೋವೈಜ್ಞಾನಿಕ ಚಿಕಿತ್ಸೆಯ ಚರಿತ್ರೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಮ್ಯಾಥ್ಯೂ ಸ್ಯಾಂಡರ್ಸ್ ಮತ್ತು ಅವರ ಸಂಗಡಿಗರು ಆಲೋಚನೆ ಹಾಗೂ ನಡವಳಿಕೆಗಳನ್ನು ತಿದ್ದುವ ಚಿಕಿತ್ಸೆಯನ್ನು, ಅಂದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿಯನ್ನು, ಇಡೀ ಕುಟುಂಬಕ್ಕೆ ಅನ್ವಯಿಸಿ 1989ರಲ್ಲಿಯೂ 1994ರಲ್ಲಿಯೂ ಪರೀಕ್ಷಿಸಿದರು. ಎರಡನೆಯ ಪ್ರಯೋಗದಲ್ಲಿ 7ರಿಂದ 14 ವಯಸ್ಸಿನ 44 ಮಕ್ಕಳಿದ್ದರು. ಸಾಮಾನ್ಯ ವೈದ್ಯೋಪಚಾರ ಪಡೆದವರೂ ಸುಧಾರಿಸಿದರು. ಆದರೆ ನೋವು ಪೂರ್ತಿ ಹೋದವರು ಕುಟುಂಬ ಚಿಕಿತ್ಸೆ ಪಡೆದವರಲ್ಲಿಯೇ ಹೆಚ್ಚು, ಮರುಕಳಿಕೆಯೂ ಅವರಲ್ಲಿಯೇ ಕಡಿಮೆ.

ಈ ಚಿಕಿತ್ಸೆಯಲ್ಲಿ ನಡೆಯುವುದೇನು? ಮೊದಲು ಮಗುವಿಗೆ ನೋವಿನ ಅರ್ಥ ತಿಳಿಸುತ್ತಾರೆ: ನಿನ್ನ ನೋವು ನಿಜ, ಆದರೆ ಅದು ಅಪಾಯದ ಗಂಟೆಯಲ್ಲ. ಹೊಟ್ಟೆ ಉಬ್ಬಿಸಿ ಇಳಿಸಿ ನಿಧಾನವಾಗಿ ಉಸಿರಾಡುವುದನ್ನೂ ಮೈಯ ಸ್ನಾಯುಗಳನ್ನು ಸಡಿಲಿಸುವುದನ್ನೂ ಕಲಿಸುತ್ತಾರೆ. ‘ಇನ್ನು ನನ್ನ ಗತಿ ಮುಗಿಯಿತು’ ಎಂಬ ಯೋಚನೆಗೆ ಬದಲು ‘ಇದು ಬರುತ್ತದೆ, ಹೋಗುತ್ತದೆ, ಹೋದ ಸಲವೂ ಹೋಗಿತ್ತು’ ಎಂಬ ಯೋಚನೆಯನ್ನು ರೂಢಿಸುತ್ತಾರೆ. ಬಿಟ್ಟ ಶಾಲೆಗೆ ಒಂದೇ ದಿನ ತಳ್ಳದೆ, ಮೊದಲು ಒಂದು ಗಂಟೆ, ಬಳಿಕ ಅರ್ಧ ದಿನ, ಬಳಿಕ ಇಡೀ ದಿನ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಜೊತೆಗೆ ನೋವಿನ ಹಿಂದಿರುವ ಸಂಗತಿಯನ್ನು ಹುಡುಕುತ್ತಾರೆ. ಅದು ತಂದೆಯ ಅಗಲಿಕೆಯಾಗಿರಬಹುದು, ಪರೀಕ್ಷೆಯ ಅಂಜಿಕೆಯಾಗಿರಬಹುದು, ಓರಗೆಯವರ ಕಾಟವಾಗಿರಬಹುದು. ಬಾಯಿಬಿಟ್ಟು ಹೇಳಲಾಗದ ದುರ್ವರ್ತನೆಯೊಂದನ್ನು ಯಾರಿಂದಲಾದರೂ ಮಗು ಸಹಿಸುತ್ತಿರಲೂಬಹುದು. ಯಾವ ಸಂಗತಿಯೂ ಸಿಕ್ಕದಿರುವುದೂ ಉಂಟು. ಆಗಲೂ ಚಿಕಿತ್ಸೆ ಫಲಿಸಬಹುದು. ಬೊಂಬಾಯಿಗೆ ಹೋದ ತಂದೆಯ ಮಗನಿಗೆ ಇಂಥ ವೈದ್ಯರು ದೊರೆತಿದ್ದರೆ ಬರೆ ಬೀಳುತ್ತಿರಲಿಲ್ಲ. ಇಂಥ ವಾರ ತಂದೆಯ ಕಾಗದ ಬರುತ್ತದೆಂಬ ಭರವಸೆಯಿಂದಲೂ, ಶಾಲೆಗೆ ಜೊತೆಗೂಡಿ ಹೋಗುವ ಒಬ್ಬ ಗೆಳೆಯನಿಂದಲೂ ಅವನ ಉಪಚಾರ ಆರಂಭವಾಗುತ್ತಿತ್ತು.

ತಂದೆತಾಯಿಗಳ ಪಾತ್ರವನ್ನು ಕುರಿತು ಅಮೆರಿಕದ ಲಿನ್ ವಾಕರ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಅರ್ಥಪೂರ್ಣವಾದುದು. ಮಕ್ಕಳಿಗೆ ಹೊಟ್ಟೆ ತುಂಬುವಷ್ಟು ನೀರು ಕುಡಿಸಿ ಹೊಟ್ಟೆಯುಬ್ಬರವನ್ನು ಉಂಟುಮಾಡಿದರು. ಕೆಲವು ಪೋಷಕರು ನೋವನ್ನೇ ವಿಚಾರಿಸುತ್ತ ಮರುಕ ತೋರಿಸಬೇಕು. ಕೆಲವರು ಮಾತನ್ನು ಬೇರೆ ಕಡೆಗೆ ತಿರುಗಿಸಬೇಕು. ಉಳಿದವರು ತಮಗೆ ತೋಚಿದಂತೆ ಇರಬಹುದು. ನೋವನ್ನೇ ವಿಚಾರಿಸಿದ ಕಡೆ ಮಕ್ಕಳ ದೂರು ಸುಮಾರು ಇಮ್ಮಡಿಯಾಯಿತು. ಗಮನ ತಿರುಗಿಸಿದ ಕಡೆ ಅರ್ಧಕ್ಕಿಳಿಯಿತು. ನಮ್ಮ ತಾಯಂದಿರು ದಿನಕ್ಕೆ ಹತ್ತು ಸಲ ‘ಈಗ ಹ್ಯಾಂಗದ ಹೊಟ್ಟಿ?’ ಎಂದು ಕೇಳುವುದು ಅಕ್ಕರೆಯಿಂದಲೇ. ಆದರೆ ಪ್ರತಿ ಪ್ರಶ್ನೆಯೂ ಅಗಸಿಯ ಬಾಗಿಲನ್ನು ಇನ್ನಷ್ಟು ತೆರೆಯುತ್ತದೆ. ನೋವನ್ನು ನಂಬಬೇಕು, ಅದನ್ನು ಸಾಕಬಾರದು. ಇದು ಈ ಚಿಕಿತ್ಸೆಯ ಅತ್ಯಂತ ಕಷ್ಟದ ಪಾಠ. ರೋನಾ ಲೆವಿ ಮತ್ತು ಸಂಗಡಿಗರು 2010ರಲ್ಲಿ 200 ಮಕ್ಕಳನ್ನೂ ಅವರ ತಂದೆತಾಯಿಗಳನ್ನೂ ಸೇರಿಸಿಕೊಂಡು ಈ ಪಾಠವನ್ನು ಮೂರೇ ಭೇಟಿಗಳಲ್ಲಿ ಕಲಿಸಿ, ಅದರಿಂದ ಪ್ರಯೋಜನವುಂಟೆಂದು ತೋರಿಸಿದರು.

ಇನ್ನೊಂದು ಮಾರ್ಗ ಸಮ್ಮೋಹನದ್ದು. ಸಮ್ಮೋಹನವೆಂದೊಡನೆ ನಮ್ಮವರಿಗೆ ವಶೀಕರಣದ ನೆನಪಾಗಿ ಹೆದರಿಕೆಯಾಗುತ್ತದೆ. ಇದು ಅದಲ್ಲ. ಕಣ್ಣು ಮುಚ್ಚಿ ಮೈಸಡಿಲಿಸಿ ಕುಳಿತ ಮಗು, ತನ್ನ ಹೊಟ್ಟೆಯ ಮೇಲೆ ಬೆಚ್ಚಗಿನ ಕೈಯಿರುವಂತೆಯೋ ಹೊಳೆಯ ನೀರು ಮೆಲ್ಲಗೆ ಹರಿಯುತ್ತಿರುವಂತೆಯೋ ಕಲ್ಪಿಸಿಕೊಳ್ಳುವ ಅಭ್ಯಾಸ. ನೆದರ್ಲೆಂಡ್ಸಿನ ಆರಿನೆ ಫ್ಲೀಗರ್ ಎಂಬ ವೈದ್ಯೆ ಮತ್ತು ಸಂಗಡಿಗರು 2007ರಲ್ಲಿ 8ರಿಂದ 18 ವಯಸ್ಸಿನ 53 ಮಂದಿಯ ಮೇಲೆ ಇದನ್ನು ಪರೀಕ್ಷಿಸಿದರು. ಒಂದು ವರ್ಷದ ಬಳಿಕ ಸಮ್ಮೋಹನ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 85 ಮಂದಿ ಗುಣ ಕಂಡಿದ್ದರೆ, ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ 25 ಮಂದಿ. ಅದೇ ದೇಶದಲ್ಲಿ 2017ರಲ್ಲಿ ಪ್ರಕಟವಾದ 260 ಮಕ್ಕಳ ಅಧ್ಯಯನದಲ್ಲಿ, ಮನೆಯಲ್ಲಿಯೇ ಧ್ವನಿಮುದ್ರಣ ಕೇಳಿ ಅಭ್ಯಾಸ ಮಾಡಿದ ಮಕ್ಕಳು ಒಂದು ವರ್ಷದ ಕೊನೆಗೆ, ಚಿಕಿತ್ಸಕರ ಬಳಿ ಹೋದವರಿಗಿಂತ ಬಹಳ ಹಿಂದುಳಿದಿರಲಿಲ್ಲ. ಆಸ್ಪತ್ರೆ ದೂರವಿರುವ ನಮ್ಮಂಥ ಸೀಮೆಗೆ ಈ ಸುದ್ದಿ ಗಮನಾರ್ಹವಾದುದು.

ಅತ್ಯುತ್ಸಾಹವೂ ಸಲ್ಲದು. ಈ ಬಗೆಯ ಅಧ್ಯಯನಗಳನ್ನೆಲ್ಲ 2017ರಲ್ಲಿ ಒರೆಗೆ ಹಚ್ಚಿದ ಕಾಕ್ರೇನ್ ಸಂಸ್ಥೆಯ ಸಮೀಕ್ಷೆ, ಪ್ರಯೋಜನವಿದೆಯೆಂದು ತೋರುತ್ತದೆ, ಆದರೆ ಪುರಾವೆ ಇನ್ನೂ ಗಟ್ಟಿಯಾಗಬೇಕು ಎಂಬ ಎಚ್ಚರದ ಮಾತನ್ನೇ ಆಡಿತು. ಅಷ್ಟಿದ್ದೂ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ದೀರ್ಘಕಾಲದ ನೋವನ್ನು ಕುರಿತು 2020ರಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ ಮನೋವೈಜ್ಞಾನಿಕ ಚಿಕಿತ್ಸೆಗೆ ಸ್ಥಾನವಿತ್ತಿತು. ಅದನ್ನು ಎದುರಿಗೆ ಕೂತು ಮಾತ್ರವಲ್ಲದೆ ದೂರದಿಂದಲೂ ಕೊಡಬಹುದೆಂದು ಹೇಳಿತು.

ಈ ವಿದ್ಯೆ ಕನ್ನಡ ನಾಡಿಗೆ ಬಂದ ದಾರಿಯನ್ನು ಇನ್ನು ನೋಡೋಣ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯನ್ನು ಕಟ್ಟಿ ಬೆಳೆಸಿದವರಲ್ಲಿ ಎಂ. ವಿ. ಗೋವಿಂದಸ್ವಾಮಿಯವರದು ಹಿರಿಯ ಹೆಸರು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾದಾಗ ಅವರೇ ಅದರ ಮೊದಲ ನಿರ್ದೇಶಕರು. ಆಸ್ಪತ್ರೆಯೂ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಅಲ್ಲಿಯ ಮನೋವಿಜ್ಞಾನಿ ಮಾಲವಿಕಾ ಕಪೂರ್ ಅವರು ಶಾಲೆಯ ಉಪಾಧ್ಯಾಯರಿಗೇ ತರಬೇತಿ ಕೊಟ್ಟು, ಮಕ್ಕಳ ಮನಸ್ಸಿನ ಸಂಕಟಗಳನ್ನು ತರಗತಿಯಲ್ಲಿಯೇ ಗುರುತಿಸುವ ಕೆಲಸವನ್ನು ಬೆಳೆಸಿದರು. ಭಾರತದ ಶಾಲೆಗಳ ಮಾನಸಿಕ ಆರೋಗ್ಯವನ್ನು ಕುರಿತು 1997ರಲ್ಲಿ ಅವರ ಗ್ರಂಥ ಬಂದಿತು. ಮುಂದೆ ಆಯುರ್ವೇದವೇ ಮೊದಲಾದ ದೇಶೀ ಪದ್ಧತಿಗಳ ಶಿಶುಪಾಲನೆಯನ್ನೂ ಅವರು ಅಧ್ಯಯನ ಮಾಡಿದರು. ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ನಗರ ಹಾಗೂ ಗ್ರಾಮ ಭಾಗಗಳ 2064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೂರಕ್ಕೆ 12.5 ಮಕ್ಕಳಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು.

ಸಾಹಿತ್ಯವೂ ಹಿಂದೆ ಬೀಳಲಿಲ್ಲ. 1942ರಲ್ಲಿ ‘ಕೊರವಂಜಿ’ಯನ್ನು ಆರಂಭಿಸಿ ನಾಡನ್ನು ನಗಿಸಿದ ವೈದ್ಯ ಎಂ. ಶಿವರಾಂ ಅವರು ಮನಸ್ಸಿನ ವೈದ್ಯವನ್ನು ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಸಿ. ಆರ್. ಚಂದ್ರಶೇಖರ್ ಅವರು ಚಿಕ್ಕ ಚಿಕ್ಕ ಪುಸ್ತಕಗಳ ಮೂಲಕ ಮನೋವೈದ್ಯವನ್ನು ಹಳ್ಳಿಯ ವಾಚನಾಲಯದವರೆಗೆ ತಂದರು. ಮನಸ್ಸಿನ ಕಾಯಿಲೆಯನ್ನು ಹುಚ್ಚೆಂಬ ಒಂದೇ ಶಬ್ದದಲ್ಲಿ ಮುಗಿಸುತ್ತಿದ್ದ ಓದುಗರಿಗೆ ಇಂಥ ಬರಹಗಳು ಬೇರೆ ಶಬ್ದಗಳನ್ನು ಕೊಟ್ಟುವು.

ನಮ್ಮ ಭಾಗದ ಮಟ್ಟಿಗೆ ಮುಖ್ಯವಾದದ್ದು ಬಳ್ಳಾರಿಯ ಪ್ರಯೋಗ. ಕೃಷ್ಣೆ ತುಂಗಭದ್ರೆಗಳನ್ನು ದಾಟಿದರೆ ಸಿಕ್ಕುವ ಆ ಜಿಲ್ಲೆಯಲ್ಲಿ, 1980ರ ದಶಕದ ನಡುವಿನಿಂದ ನಿಮ್ಹಾನ್ಸ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯಿತ್ತು, ಮನಸ್ಸಿನ ಕಾಯಿಲೆಗಳಿಗೆ ಹಳ್ಳಿಯಲ್ಲಿಯೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆದರೆ ಅಲ್ಲಿ ಮುಖ್ಯ ಗಮನವಿದ್ದುದು ತೀವ್ರ ಮನೋರೋಗ, ಅಪಸ್ಮಾರ ಮೊದಲಾದವುಗಳ ಮೇಲೆ. ಹೊಟ್ಟೆ ಹಿಡಿದುಕೊಂಡು ಬಂದ ಮಗು ಸಹಜವಾಗಿಯೇ ಹೊಟ್ಟೆಯ ಸಾಲಿನಲ್ಲಿ ನಿಂತಿತು. ಮನಸ್ಸಿನ ಸಾಲಿಗೆ ಅದನ್ನು ಕರೆತರುವವರು ವಿರಳ.

ಯಾದಗಿರಿ 2009ರ ಡಿಸೆಂಬರಿನಲ್ಲಿ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಇಲ್ಲಿಯ ಸಾಕ್ಷರತೆ ನೂರಕ್ಕೆ 51.83, ರಾಜ್ಯದಲ್ಲಿಯೇ ಅತಿ ಕಡಿಮೆ. ಮಳೆ ಕೈಕೊಟ್ಟ ವರ್ಷ ಯಾದಗಿರಿ, ಶಹಾಪುರ, ಸುರಪುರಗಳ ಹಳ್ಳಿಗಳಿಂದ ಸಂಸಾರಗಳು ಬೆಂಗಳೂರಿಗೋ ಮುಂಬಯಿಗೋ ಗುಳೆ ಹೋಗುತ್ತವೆ. ಮಕ್ಕಳು ಅಜ್ಜಿಯ ಬಳಿಯೋ ವಸತಿನಿಲಯದಲ್ಲಿಯೋ ಉಳಿಯುತ್ತಾರೆ. ಇಂಥಲ್ಲಿ ಒಂದು ಮಗು ಹೊಟ್ಟೆಬೇನೆಯಿಂದ ಮೂರು ತಿಂಗಳು ಶಾಲೆ ತಪ್ಪಿಸಿತೆಂದರೆ ಎಷ್ಟೋ ವೇಳೆ ಅದು ಮರಳಿ ಶಾಲೆಯ ಮೆಟ್ಟಿಲು ಹತ್ತುವುದೇ ಇಲ್ಲ. ಹುಡುಗಿಯಾದರೆ ಮದುವೆಯ ಮಾತು ಆರಂಭವಾಗುತ್ತದೆ. ಬಡವರ ಮನೆಯ ದುಡ್ಡು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹರಿದುಹೋಗುತ್ತದೆ. ಅಪೆಂಡಿಕ್ಸ್ ತೆಗೆಸಿದ ಮೇಲೂ ಅದೇ ನೋವಿನಿಂದ ನರಳಿದ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಈ ಚಿಕಿತ್ಸೆ ನಮಗೆ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಮರ್ಥನೆ ಬೇಡ.

ಹಾಗೆಂದು ಎಲ್ಲ ಹೊಟ್ಟೆನೋವೂ ಇದೇ ಬಗೆಯದೆಂದು ಯಾರೂ ಭಾವಿಸಬಾರದು. ತೂಕ ಇಳಿಯುತ್ತಿದ್ದರೆ, ಬೆಳವಣಿಗೆ ಕುಂಠಿತವಾಗಿದ್ದರೆ, ಜ್ವರ ಮರುಕಳಿಸುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ವಾಂತಿ ನಿಲ್ಲದಿದ್ದರೆ, ನೋವು ಮಗುವನ್ನು ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ಹೊಕ್ಕುಳಿನಿಂದ ದೂರ ಒಂದೇ ಕಡೆ ನಿಂತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಜಂತುಹುಳು, ಮಲಬದ್ಧತೆ, ಕ್ಷಯ ಇವೆಲ್ಲ ನಮ್ಮಲ್ಲಿ ಇರುವಂಥವೇ. ಮೊದಲ ಪರೀಕ್ಷೆ ಪೂರ್ತಿಯಾಗಿ ನಡೆಯಬೇಕು. ಬರೆ ಎಳೆಯುವುದಂತೂ ಯಾವ ಕಾರಣಕ್ಕೂ ಕೂಡದು.

ಇಂದು ದಾರಿಗಳು ಮೊದಲಿಗಿಂತ ಹೆಚ್ಚಿವೆ. ಯಾದಗಿರಿಗೆ ಸರಕಾರಿ ವೈದ್ಯಕೀಯ ಕಾಲೇಜು ಬಂದಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಎಂಬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಆದರೆ ಚಿಕಿತ್ಸೆಯ ಮೊದಲ ಮೆಟ್ಟಿಲು ಆಸ್ಪತ್ರೆಯಲ್ಲಿಲ್ಲ. ಮನೆಯ ಪಡಸಾಲೆಯಲ್ಲಿದೆ, ಶಾಲೆಯ ಹಾಜರಿ ಪುಸ್ತಕದ ಮುಂದಿದೆ. ಪರೀಕ್ಷೆಯೆಲ್ಲ ಮುಗಿದ ಮೇಲೆ ವೈದ್ಯರು ‘ಏನೂ ಇಲ್ಲ’ ಎಂದು ಹೇಳಿ ಕಳುಹಿಸುವುದು ರೂಢಿ. ಆ ಮಾತು ಸಮಾಧಾನಕ್ಕಾಗಿ ಹೇಳಿದ್ದೇ ಆದರೂ, ಮನೆಗೆ ಬರುವಷ್ಟರಲ್ಲಿ ‘ನಾಟಕ’ವೆಂಬ ತೀರ್ಪಾಗಿ ಮಾರ್ಪಡುತ್ತದೆ. ಅದರ ಬದಲು, ‘ನೋವು ಇದೆ, ಅಪಾಯವಿಲ್ಲ, ಕಡಿಮೆ ಮಾಡಿಕೊಳ್ಳಲು ದಾರಿಯಿದೆ’ ಎಂದು ಹೇಳಬಹುದು. ಇಷ್ಟು ಹೇಳುವುದಕ್ಕೆ ಯಂತ್ರವೂ ಬೇಡ, ಔಷಧವೂ ಬೇಡ. ವೈದ್ಯರು, ಉಪಾಧ್ಯಾಯರು, ತಾಯಿತಂದೆಗಳು ಈ ಮೂರು ಮಾತುಗಳನ್ನು ಒಂದೇ ದನಿಯಲ್ಲಿ ಹೇಳಲು ಕಲಿತರೆ, ಮಕ್ಕಳು ತಮ್ಮ ಬೇನೆಯನ್ನು ನಂಬಿಸುವುದಕ್ಕಾಗಿ ಇನ್ನಷ್ಟು ನರಳಬೇಕಾದ ಅಗತ್ಯ ಉಳಿಯುವುದಿಲ್ಲ.

(ಬಾನುಲಿ ಭಾಷಣ)